ಮೊನೊಎನರ್ಜೆಟಿಕ್ ಪ್ಲಸ್: ಟೈಟಾನಿಯಂಗೆ ಸೈ, ಕೋಬಾಲ್ಟ್ ಕ್ರೋಮ್‌ಗೆ ಸಾಲದು

ಸೀಮೆನ್ಸ್‌ನ ಎರಡು ಎಕ್ಸ್-ರೇ ಟ್ಯೂಬ್‌ಗಳ ಸಿಟಿ ಸ್ಕ್ಯಾನರ್ ಸೊಮಾಟಾಮ್ ಫೋರ್ಸ್ ಇರುವ ಕಡೆ, ಮೈಯೊಳಗಿನ ಲೋಹ ಚಿತ್ರದಲ್ಲಿ ಮೂಡಿಸುವ ಗೆರೆ ತೆಗೆಯಲು ಎರಡು ಹತಾರಗಳಿವೆ: ಎರಡು ಶಕ್ತಿಗಳ (ಡ್ಯುಯಲ್ ಎನರ್ಜಿ) ಸ್ಕ್ಯಾನ್‌ನಿಂದ ಒಂದೇ ಶಕ್ತಿಯ ಚಿತ್ರ ಲೆಕ್ಕಹಾಕುವ ಮೊನೊಎನರ್ಜೆಟಿಕ್ ಪ್ಲಸ್ ಮತ್ತು ಲೋಹದ ಗೆರೆ ಸರಿಪಡಿಸುವ ಸಾಫ್ಟ್‌ವೇರ್ ಐಮಾರ್. ಎರಡರ ಕೆಲಸ ಬೇರೆ ಬೇರೆ. ಇದನ್ನು ಮರೆತವರೇ ಜಾಸ್ತಿ.

ಬೆನ್ನುಮೂಳೆಯ ಟೈಟಾನಿಯಂ ಸ್ಕ್ರೂ ನೋಡುವುದಕ್ಕೆ ಮೊದಲನೆಯದು ಬಲು ಚೆನ್ನಾಗಿದೆ. ಇಲ್ಲಿ ತೊಂದರೆಯ ಮೂಲ ಬಹುಮಟ್ಟಿಗೆ ಬೀಮ್ ಹಾರ್ಡನಿಂಗ್. ಕಡಿಮೆ ಶಕ್ತಿಯ ಫೋಟಾನ್‌ಗಳನ್ನು ಲೋಹ ನುಂಗಿಬಿಡುತ್ತದೆ. ಚಿತ್ರದ ಶಕ್ತಿ ಆರಿಸುವ ಸ್ಲೈಡರ್ 40ರಿಂದ 190 ಕೆಇವಿವರೆಗೆ (ಫೋಟಾನ್ ಶಕ್ತಿಯ ಅಳತೆ) ಹೋಗುತ್ತದೆ. 70ರಲ್ಲಿ ಸ್ಕ್ರೂ ಪಕ್ಕದ ಕಪ್ಪು ಪಟ್ಟಿ ಪೆಡಿಕಲ್ (ಸ್ಕ್ರೂ ಹಾದುಹೋಗುವ ಕಶೇರುಕದ ಭಾಗ) ಅಂಚನ್ನು ಮುಚ್ಚಿದ್ದರೆ, 130ರ ಸುಮಾರಿಗೆ ತಂದಾಗ ಆ ಪಟ್ಟಿ ತೆಳುವಾಗಿ ಮೂಳೆಯ ಗಟ್ಟಿ ಹೊರಪದರ ಕಾರ್ಟೆಕ್ಸ್ ಕಾಣತೊಡಗುತ್ತದೆ. 190ಕ್ಕೆ ಎಳೆದು ಪ್ರಯೋಜನವಿಲ್ಲ, ಮೂಳೆಯೇ ಪೇಲವವಾಗುತ್ತದೆ. ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧ ಕೊಟ್ಟಿದ್ದರೆ 70ರ ಸೀರೀಸನ್ನೂ (ಚಿತ್ರಗಳ ಸರಣಿ) ಉಳಿಸಿಕೊಳ್ಳಿ. 130ರಲ್ಲಿ ಅಯೋಡಿನ್ ಹೆಚ್ಚುಕಡಿಮೆ ಮಾಯ, ಕೀವುಗಟ್ಟಿದ ಜಾಗದ ಅಂಚು ಕಾಣುವುದಿಲ್ಲ.

ಎರಡೂ ಸೊಂಟಕ್ಕೆ ಕೋಬಾಲ್ಟ್ ಕ್ರೋಮ್ ಲೋಹದ ಕೃತಕ ಕೀಲು ಕೂರಿಸಿದ್ದರೆ ಕಥೆ ಬೇರೆ. ಎರಡೂ ಕೀಲನ್ನು ಹಾಯುವ ಅಡ್ಡಗೆರೆಯಲ್ಲಿ ಡಿಟೆಕ್ಟರ್‌ಗೆ ಫೋಟಾನೇ ಮುಟ್ಟಿರುವುದಿಲ್ಲ. ಇಲ್ಲದ ಮಾಹಿತಿಯನ್ನು ಸ್ಲೈಡರ್ ಎಲ್ಲಿಂದ ತಂದೀತು? ಅಲ್ಲಿ ಐಮಾರ್ ಬೇಕು. ಅದು ಸೈನೋಗ್ರಾಮ್‌ನಲ್ಲಿ (ಚಿತ್ರ ಕಟ್ಟುವ ಮೊದಲಿನ ಡಿಟೆಕ್ಟರ್ ಅಳತೆಗಳಲ್ಲಿ) ಲೋಹ ಹಾದುಹೋದ ಭಾಗವನ್ನು ಅಕ್ಕಪಕ್ಕದ ಅಂದಾಜಿನಿಂದ ತುಂಬುತ್ತದೆ. ಅಂದಾಜು ಅಂದಮೇಲೆ ತಪ್ಪೂ ಉಂಟು: ಕೆಲವೊಮ್ಮೆ ಸ್ಟೆಮ್ (ತೊಡೆಮೂಳೆಯೊಳಗೆ ಇಳಿಯುವ ಇಂಪ್ಲಾಂಟಿನ ಕಡ್ಡಿ) ಪಕ್ಕದಲ್ಲಿ ಇಲ್ಲದ ಕಪ್ಪು ಗೆರೆ ಮೂಡಿ, ಇಂಪ್ಲಾಂಟ್ ಸಡಿಲಾದಂತೆ ತೋರುತ್ತದೆ. ಸೊಂಟ, ಬೆನ್ನು, ಭುಜ, ಹಲ್ಲು ಎಂದು ಪ್ರೀಸೆಟ್‌ಗಳಿವೆ, ಸರಿಯಾದದ್ದನ್ನೇ ಆರಿಸಿ. ಐಮಾರ್ ಹಾಕದ ಸೀರೀಸನ್ನೂ ಪ್ಯಾಕ್ಸ್‌ಗೆ (ಆಸ್ಪತ್ರೆಯ ಚಿತ್ರ ಸಂಗ್ರಹಕ್ಕೆ) ಕಳಿಸದೆ ರಿಪೋರ್ಟ್ ಬರೆಯಲೇಬಾರದು.

ಇನ್ನು ಸ್ಕ್ಯಾನ್. ಎರಡನೆಯ ಟ್ಯೂಬ್ 150 ಕೆವಿ, ಮುಂದೆ 0.6 ಮಿಮೀ ತವರದ ಫಿಲ್ಟರ್. ಎರಡು ಸ್ಪೆಕ್ಟ್ರಮ್‌ಗಳು ಚೆನ್ನಾಗಿ ದೂರವಾಗುತ್ತವೆ. ಎರಡನೆಯ ಡಿಟೆಕ್ಟರ್ ನೋಡುವುದು ಮಾತ್ರ ಸುಮಾರು 35 ಸೆಂಮೀ ಅಗಲ. ಭುಜದ ಇಂಪ್ಲಾಂಟ್ ಅದರ ಹೊರಗೆ ಬಿದ್ದರೆ ಡ್ಯುಯಲ್ ಎನರ್ಜಿ ಲೆಕ್ಕವೇ ಇಲ್ಲ, ಆದ್ದರಿಂದ ಟೇಬಲ್ ಮೇಲೆ ರೋಗಿಯನ್ನು ಪಕ್ಕಕ್ಕೆ ಸರಿಸಿ ಇಂಪ್ಲಾಂಟನ್ನೇ ಮಧ್ಯಕ್ಕೆ ತನ್ನಿ. ಡ್ಯುಯಲ್ ಎನರ್ಜಿಗೆ ಕ್ಯೂಆರ್ ಕರ್ನೆಲ್ (ಚಿತ್ರದ ಚೂಪು-ಮೃದು ನಿರ್ಧರಿಸುವ ಫಿಲ್ಟರ್), ಮೂಳೆಗೆ ಚೂಪು ಕರ್ನೆಲ್‌ನ ಬೇರೆ ಸೀರೀಸ್. ಆ ಮೂಳೆ ಸೀರೀಸ್‌ಗೆ ವಿಸ್ತೃತ ಸಿಟಿ ಸ್ಕೇಲ್ ಆನ್ ಮಾಡಿ. ಇಲ್ಲದಿದ್ದರೆ 3071 ಎಚ್‌ಯು (ಸಿಟಿಯಲ್ಲಿ ಸಾಂದ್ರತೆಯ ಅಳತೆ) ಮೀರಿದ್ದೆಲ್ಲ ಒಂದೇ ಬಿಳಿ, ಮುರಿದ ಸ್ಕ್ರೂವಿನ ಬಿರುಕು ಅದರೊಳಗೇ ಅಡಗಿರುತ್ತದೆ.