ರೆಡಿ-ಟು-ಈಟ್ ಬಿಸಿಬೇಳೆಭಾತ್: ಸೈನ್ಯದ ಸರಬರಾಜಿನ ಲೆಕ್ಕದಲ್ಲಿ ಒಂದು ವಿಮರ್ಶೆ

ಅಂಗಡಿಗಳಲ್ಲಿ ಸಿಗುವ 300 ಗ್ರಾಂ ತೂಕದ ರೆಡಿ-ಟು-ಈಟ್ ಬಿಸಿಬೇಳೆಭಾತ್ ಪೊಟ್ಟಣವನ್ನು ಮನೆಯ ಅಡುಗೆಯ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ. ಇಂಥ ಆಹಾರವನ್ನು ನಮ್ಮ ದೇಶದಲ್ಲಿ ಬೆಳೆಸಿದ ಸಂಸ್ಥೆಗಳಲ್ಲಿ ಮುಖ್ಯವಾದುದು 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾಲಯ. ಅಡುಗೆಮನೆಯೇ ಇಲ್ಲದ ಕಡೆ ಯೋಧನಿಗೆ ಊಟ ಮುಟ್ಟಿಸುವುದು ಅದರ ಗುರಿ. ಆದ್ದರಿಂದ ಈ ಪೊಟ್ಟಣವನ್ನೂ ಅದೇ ಗುರಿಯಿಂದ ಅಳೆದಿದ್ದೇನೆ.

ರುಚಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಕ್ಕಿ, ಬೇಳೆ ಎರಡೂ ಮೆತ್ತಗಾಗಿ ಒಂದಾಗಿವೆ, ಉಪ್ಪು ತುಸು ಮುಂದು, ಹುಣಸೆಯ ಹುಳಿ ಮಾತ್ರ ಚೆನ್ನಾಗಿ ಉಳಿದಿದೆ. ತಣ್ಣಗಿದ್ದಾಗಲೂ ತಿನ್ನಬಹುದು ಎಂಬುದೇ ಇದರ ದೊಡ್ಡ ಗುಣ.

ಪಾಲಿಯೆಸ್ಟರ್, ಅಲ್ಯೂಮಿನಿಯಂ ಹಾಳೆ ಮತ್ತು ಪಾಲಿಪ್ರೊಪಿಲಿನ್ ಪದರಗಳನ್ನು ಸೇರಿಸಿ ಮಾಡಿದ ಚೀಲದೊಳಗೆ ಅಡುಗೆಯನ್ನು ಮುಚ್ಚಿ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು ಸೂಕ್ಷ್ಮಜೀವಿಗಳನ್ನು ಕೊಲ್ಲುವುದರಿಂದ, ಫ್ರಿಜ್ ಇಲ್ಲದೆಯೂ ಇದು ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಡಬ್ಬಿಗಿಂತ ಹಗುರ, ಚಪ್ಪಟೆಯಾದ್ದರಿಂದ ಪೆಟ್ಟಿಗೆಯಲ್ಲೂ ಬೆನ್ನಚೀಲದಲ್ಲೂ ಜಾಗ ಉಳಿಯುತ್ತದೆ.

ಥಾರ್ ಮರುಭೂಮಿಯ ಗಸ್ತು ಪಡೆಗೆ ಇದು ಹೇಳಿ ಮಾಡಿಸಿದ ಆಹಾರ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಅಕ್ಕಿ ಬೇಳೆ ಕಳಿಸಿದರೆ ಬೇಯಿಸುವ ನೀರನ್ನೂ ಉರುವಲನ್ನೂ ಹಿಂದೆಯೇ ಕಳಿಸಬೇಕು, ಒಲೆ ಹಚ್ಚಿದರೆ ಹೊಗೆಯೂ ಬೆಳಕೂ ಶತ್ರುವಿಗೆ ಕಾಣುತ್ತವೆ. ಪೊಟ್ಟಣ ತನಗೆ ಬೇಕಾದ ನೀರನ್ನು ತಾನೇ ಹೊತ್ತು ಬರುತ್ತದೆ.

ಸಿಯಾಚಿನ್‌ನ ಲೆಕ್ಕವೇ ಬೇರೆ. ಅಷ್ಟು ಎತ್ತರದಲ್ಲಿ ನೀರು ಸುಮಾರು 80 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಬೇಳೆ ಸುಲಭಕ್ಕೆ ಬೇಯುವುದಿಲ್ಲ, ಹಾಗಾಗಿ ಮೊದಲೇ ಬೆಂದ ಆಹಾರ ಒಳ್ಳೆಯದೇ ಅನ್ನಿಸುತ್ತದೆ. ಆದರೆ ಈ ಭಾತಿನ ತೂಕದ ಬಹುಪಾಲು ನೀರು, ಆ ಚಳಿಯಲ್ಲಿ ಅದು ಕಲ್ಲಾಗುತ್ತದೆ. 1 ಕಿಲೋ ಮಂಜುಗಡ್ಡೆಯನ್ನು ಬರೀ ಕರಗಿಸಲು ಬೇಕಾಗುವ ಶಾಖ, ಅದೇ ನೀರನ್ನು 0 ಡಿಗ್ರಿಯಿಂದ 80 ಡಿಗ್ರಿಯವರೆಗೆ ಕಾಯಿಸಲು ಸಾಕಾಗುವಷ್ಟಿದೆ. ಹಿಮ ಸುತ್ತಲೂ ಬಿದ್ದಿರುವಾಗ ನೀರನ್ನು ಕೆಳಗಿನಿಂದ ಹೊರಿಸುವುದೇಕೆ? ದಿನಕ್ಕೆ ತಲೆಗೆ ಮೂರು ಪೊಟ್ಟಣ ಎಂದುಕೊಂಡರೆ 100 ಜನರಿಗೆ 30 ದಿನಕ್ಕೆ 2,700 ಕಿಲೋ ಆಯಿತು, ಕೊನೆಯ ಠಾಣೆಗಳಿಗೆ ಅದನ್ನು ಮುಟ್ಟಿಸಬೇಕಾದ ಹೆಲಿಕಾಪ್ಟರ್ ತೆಳುಗಾಳಿಯಲ್ಲಿ ಒಂದು ಹಾರಾಟಕ್ಕೆ ಹೊರುವುದು ತೀರ ಕಡಿಮೆ. ಕಲ್ಲಾದ ಪೊಟ್ಟಣ ಕರಗಿಸಲಿ, ಒಣ ಆಹಾರಕ್ಕೆ ಹಿಮ ಕರಗಿಸಲಿ, ಸೀಮೆಎಣ್ಣೆ ಹೇಗೂ ಎರಡಕ್ಕೂ ಬೇಕು, ಹಾಗಿರುವಾಗ ಅಲ್ಲಿಗೆ ನೀರು ತೆಗೆದ ಒಣ ಆಹಾರವೇ ಸರಿ.

ಬಾಳಿಕೆಯ ಅವಧಿಯೂ ಯೋಚಿಸಬೇಕಾದ ವಿಷಯ. 3,528 ಮೀಟರ್ ಎತ್ತರದ ಜೋಜಿಲಾ ಕಣಿವೆದಾರಿ ಚಳಿಗಾಲದಲ್ಲಿ ಹಿಮದಿಂದ ಮುಚ್ಚುವುದರಿಂದ, ಲಡಾಖ್‌ನ ಪಡೆಗಳಿಗೆ ರೇಷನ್, ಇಂಧನ, ಮದ್ದುಗುಂಡುಗಳನ್ನು ಬೇಸಿಗೆಯಲ್ಲೇ ಸಾಗಿಸಿ ದಾಸ್ತಾನು ಮಾಡುವ ಪದ್ಧತಿ ಇದೆ. ಪೊಟ್ಟಣದ ಮೇಲೆ 12 ತಿಂಗಳು ಎಂದಿದ್ದರೆ, ಕಾರ್ಖಾನೆಯಿಂದ ಡಿಪೋಗೆ, ಡಿಪೋದಿಂದ ಲೇಹ್‌ಗೆ, ಅಲ್ಲಿಂದ ಮುಂಚೂಣಿಗೆ ಹೋಗುವಷ್ಟರಲ್ಲಿ ಅದರಲ್ಲಿ ಎಷ್ಟೋ ಪಾಲು ದಾರಿಯಲ್ಲೇ ಕರಗಿಹೋಗುತ್ತದೆ. ಮುಂದಿನ ಬೇಸಿಗೆಯವರೆಗೆ ನೆಚ್ಚಿಕೊಳ್ಳಬೇಕಾದ ದಾಸ್ತಾನಿಗೆ ಈ ಅವಧಿ ಸಾಲದು.

ಚಿಕ್ಕ ದೋಷಗಳೂ ಇವೆ. ಹರಿಯಲೆಂದು ಅಂಚಿನಲ್ಲಿ ಕೊಟ್ಟಿರುವ ಗೀರು ದಪ್ಪ ಕೈಗವಸು ತೊಟ್ಟ ಬೆರಳಿಗೆ ಸಿಗುವುದಿಲ್ಲ, ಹಿಮದಲ್ಲಿ ಕೈಗವಸು ತೆಗೆಯುವುದು ಅಪಾಯದ ಮಾತು. ಪದರ ಪದರವಾದ ಚೀಲ ಕೊಳೆಯುವುದೂ ಇಲ್ಲ, ಅದನ್ನು ಬೇರ್ಪಡಿಸಿ ಮರುಬಳಸುವುದೂ ಕಷ್ಟ. ಖಾಲಿ ಚೀಲಗಳನ್ನು ಕೆಳಗೆ ತರುವ ಹೊರೆಯನ್ನೂ ಯೋಜನೆ ಹಾಕುವವರು ಮೊದಲೇ ಲೆಕ್ಕಕ್ಕೆ ಸೇರಿಸಬೇಕು.

ಚಾರಣಕ್ಕೋ ನೆರೆ ಪರಿಹಾರದ ಸಂಗ್ರಹಕ್ಕೋ ಕೊಳ್ಳುವವರಿಗೆ ಈ ಪೊಟ್ಟಣವನ್ನು ಕೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ. ತಯಾರಿಕೆಯ ದಿನಾಂಕ ನೋಡಿ, ಉಬ್ಬಿದ ಅಥವಾ ಅಂಚು ಸೋರಿದ ಚೀಲವನ್ನು ಬಿಟ್ಟು, ಹಳೆಯದನ್ನು ಮೊದಲು ಖರ್ಚು ಮಾಡುವಂತೆ ಜೋಡಿಸಿಡಿ.