ಫಜಾಕರ್ಲಿಯಲ್ಲಿ ಮರುಜೋಡಣೆಯಾದ ನಂಬರ್ 4 ರೈಫಲ್: ಗುರುತು ಓದಿ ಕೊಳ್ಳಿ

ತ್ರೀ ನಾಟ್ ತ್ರೀ ಎಂದರೆ ನಮಗೆ ಬಂಗಾಳದ ಇಶಾಪುರ ಬಂದೂಕು ಕಾರ್ಖಾನೆಯ ಹಳೆಯ ಮಾದರಿಯೇ ನೆನಪಾಗುತ್ತದೆ. ಬ್ರಿಟನ್, ಅಮೆರಿಕದ ಸಂಗ್ರಾಹಕರ ನಡುವೆ ಓಡಾಡುವುದು ಅದರ ತಮ್ಮ, ಲೀ-ಎನ್‌ಫೀಲ್ಡ್ ನಂಬರ್ 4. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಿವರ್‌ಪೂಲ್‌ನ ಫಜಾಕರ್ಲಿ ಕಾರ್ಖಾನೆಯಲ್ಲಿ ಪೂರ್ತಿ ಬಿಚ್ಚಿ ಕಟ್ಟಿದ ಬಂದೂಕು ಗುಂಡು ಹೊಡೆಯುವವರಿಗೆ ಬಲು ಒಳ್ಳೆಯದು. ಮೂಲರೂಪವೇ ಬೇಕೆನ್ನುವವರಿಗಲ್ಲ.

ಮೊದಲು ರಿಸೀವರ್‌ನ, ಅಂದರೆ ಬೋಲ್ಟ್ ಓಡಾಡುವ ಲೋಹದ ಒಡಲಿನ, ಎಡಗೋಡೆ ನೋಡಿ. ಎಲೆಕ್ಟ್ರಿಕ್ ಪೆನ್ಸಿಲ್‌ನಿಂದ (ಲೋಹದ ಮೇಲೆ ಬರೆಯುವ ವಿದ್ಯುತ್ ಕಡ್ಡಿ) ಗೀಚಿದ ‘ಎಂಕೆ 1/2’ ಅಥವಾ ‘1/3’ (ಎಂಕೆ ಎಂದರೆ ಮಾರ್ಕ್, ಮಾದರಿ), ಆವರಣದಲ್ಲಿ ಫಜಾಕರ್ಲಿಯ ‘ಎಫ್’, ಜೊತೆಗೆ ‘ಎಫ್‌ಟಿಆರ್’ (ಕಾರ್ಖಾನೆಯ ಪೂರ್ಣ ದುರಸ್ತಿ) ಇರುತ್ತದೆ. ಅಲ್ಲಿರುವ ತಾರೀಖು ದುರಸ್ತಿಯದು, ಬಂದೂಕು ಹುಟ್ಟಿದ್ದಲ್ಲ. ಮೂಲ ತಯಾರಕರ ಗುರುತನ್ನು ಹಿಂಬದಿಯ ಮರ ಕೂರುವ ಬಟ್ ಸಾಕೆಟ್ ಮೇಲೆ ಹುಡುಕಬೇಕು: ‘ಎಂ47ಸಿ’ ಎಂದಿದ್ದರೆ ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್) ಕಂಪನಿಯ ಶರ್ಲಿ ಕಾರ್ಖಾನೆ. ಮೂಗು ತಾಗಿಸಿ ನಿಂತ ಎರಡು ಬಾಣಗಳು ಸೇನೆಯಿಂದ ಮಾರಿದ್ದಕ್ಕೆ ಸಾಕ್ಷಿ. ‘18.5 ಟನ್ಸ್’ ಎಂಬುದು ನಾಗರಿಕ ಮಾರಾಟದ ಪ್ರೂಫ್ (ಒತ್ತಡ ಪರೀಕ್ಷೆಯ) ಮುದ್ರೆ, ಸೇನೆಯ ತಪಾಸಣೆಯದಲ್ಲ. ‘ಡಿಪಿ’ ಕಂಡರೆ ಅದು ಕವಾಯತಿನ ಬಂದೂಕು, ಗುಂಡು ಹಾಕಲೇಬೇಡಿ.

1/2 ಎಂದರೆ ಎಂಕೆ 1ರಿಂದ, 1/3 ಎಂದರೆ ನಕ್ಷತ್ರವಿರುವ ಎಂಕೆ 1ರಿಂದ ಬದಲಾಯಿಸಿದ್ದು. ಎರಡರಲ್ಲೂ ಟ್ರಿಗರ್ ಗಾರ್ಡ್‌ಗೆ ನೇತಾಡುತ್ತಿದ್ದ ಟ್ರಿಗರ್ ಅನ್ನು ರಿಸೀವರ್‌ಗೇ ಕೂರಿಸಿದ್ದಾರೆ. ಮಳೆಗೆ ಮರ ಉಬ್ಬಿದರೂ ಎಳೆತ ಬದಲಾಗದು. ದುರಸ್ತಿಯ ದೊಡ್ಡ ಲಾಭ ಇದೇ. ಆದರೆ ಬ್ಯಾರೆಲ್ ಕೆಳಗಿನ ಮುಂಬದಿಯ ಮರದ ಹಿಂತುದಿಯ ಕೊರೆತವೂ ಬದಲಾದ್ದರಿಂದ ಹಳೆಯ ಎಂಕೆ 1ರ ಮರ ಇದಕ್ಕೆ ಹಾಗೇ ಕೂರುವುದಿಲ್ಲ.

1/3ರಲ್ಲಿ ಮಾತ್ರ ಒಂದು ಹಳೆಯ ದೋಷ ಹಾಗೇ ಉಳಿದಿದೆ. ಬೋಲ್ಟ್ ಹೆಡ್ (ಬೋಲ್ಟ್‌ನ ತುದಿಗೆ ಬಿಗಿಯುವ ಬಿಡಿ ತಲೆ) ತೆಗೆಯಲು ಅದು ಜಾರುವ ಹಳಿಯ ಮುಂತುದಿಯಲ್ಲಿ ಕತ್ತರಿಸಿದ ಸಂದಿನ ಮೂಲೆ ಮುರಿಯುತ್ತದೆ. ಆಮೇಲೆ ಬೋಲ್ಟ್ ಎಳೆದಾಗ ಹೆಡ್ ಹಾರಿ ಹೊರಬರುತ್ತದೆ. ಟಾರ್ಚ್ ಹಿಡಿದು ಆ ಮೂಲೆ ನೋಡಿ, ಚೂರು ಎದ್ದಿದ್ದರೆ ಬಿಟ್ಟುಬಿಡಿ. ಆಯ್ಕೆ ಇದ್ದಾಗ 1/2 ಅನ್ನೇ ಹಿಡಿಯಿರಿ.

ಬೋಲ್ಟ್ ಹಿಡಿಯ ಹಿಂಭಾಗದ ಸಂಖ್ಯೆ ಸಾಕೆಟ್‌ನ ಸಂಖ್ಯೆಗೆ ಹೊಂದಬೇಕು. ಬೋಲ್ಟ್ ಹೆಡ್‌ಗಳು 0ಯಿಂದ 3ರವರೆಗೆ ನಾಲ್ಕು ಅಳತೆಯಲ್ಲಿವೆ. ಬೋಲ್ಟ್ ಮುಖಕ್ಕೂ ಬ್ಯಾರೆಲ್‌ಗೂ ನಡುವಿನ ಸಂದನ್ನು ಅಳೆಯುವ 0.064 ಇಂಚಿನ ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು, 0.074ರ ಮೇಲೆ ಮುಚ್ಚಬಾರದು. ಬೇರೆ ಬಂದೂಕಿನ ಬೋಲ್ಟ್ ಹಾಕಿ, ಹೆಡ್ ಬದಲಿಸಿ ಗೇಜ್ ಸರಿಮಾಡಿದ್ದನ್ನು ನಂಬಬೇಡಿ. ಬೋಲ್ಟನ್ನು ಬಿಗಿಹಿಡಿಯುವ ಎರಡೂ ಲಗ್ (ಉಬ್ಬು) ಸಮವಾಗಿ ಆನಿಕೊಳ್ಳದಿದ್ದರೆ ಆ ಅಳತೆಯಿಂದ ಪ್ರಯೋಜನವಿಲ್ಲ.

ಸನ್‌ಕೊರೈಟ್ ಎಂಬ ಕಪ್ಪು ಬಣ್ಣ ಗುರುತುಗಳ ಒಳಗೆ ತುಂಬಿಕೊಂಡಿರುತ್ತದೆ. ಅಸಿಟೋನ್ ಹಾಕಿ ಉಜ್ಜಬೇಡಿ, ಬಣ್ಣವೇ ಹೋಗಬಹುದು. ಬಿಳಿ ಸೀಮೆಸುಣ್ಣ ಸವರಿ, ಬೆರಳಿಂದ ಒರೆಸಿ, ಟಾರ್ಚ್ ಅನ್ನು ಓರೆಯಾಗಿ ಹಿಡಿದರೆ ಹಳೆಯ ಕಿರೀಟ ಮುದ್ರೆಯ ಕೆಳಗಿನ ತಪಾಸಕರ ಸಂಖ್ಯೆಯೂ ಓದಲು ಬರುತ್ತದೆ.