ಎರಡೂವರೆ ವರ್ಷ ಬಳಸಿದ ಮೇಲೆ: ಐದು ಖಾನೆಯ ಪದಪೆಟ್ಟಿಗೆ

ಮಗಳು ಆರನೇ ತರಗತಿಗೆ ಹೋದಾಗ ಈ ಪೆಟ್ಟಿಗೆ ತಂದೆವು. ಈಗ ಅವಳಿಗೆ ಎಂಟನೇ ತರಗತಿ ಅರ್ಧ ಮುಗಿದಿದೆ. ಇಷ್ಟು ಕಾಲ ಬಿಡದೆ ಬಳಸಿದ ಕಲಿಕಾ ಸಾಮಗ್ರಿ ನಮ್ಮ ಮನೆಯಲ್ಲಿ ಬೇರೊಂದಿಲ್ಲ.

ಐದು ಖಾನೆಗಳಿರುವ ಪೆಟ್ಟಿಗೆ, ಅಚ್ಚಾದ 500 ಇಂಗ್ಲಿಷ್ ಪದಗಳ ಕಾರ್ಡು (ಹಿಂಬದಿಗೆ ಕನ್ನಡ ಅರ್ಥ), 300 ಖಾಲಿ ಕಾರ್ಡು, ಒಂದು ಸೂಚನಾ ಹಾಳೆ. ಬರುವುದು ಇಷ್ಟೇ. ಪದ್ಧತಿ ಹಳೆಯದು, 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯಗೊಳಿಸಿದ್ದು. ಹೊಸ ಪದ ಮೊದಲ ಖಾನೆಗೆ ಹೋಗುತ್ತದೆ. ಸರಿಯಾಗಿ ಹೇಳಿದರೆ ಒಂದು ಖಾನೆ ಮುಂದಕ್ಕೆ, ತಪ್ಪಿದರೆ ಎಲ್ಲಿದ್ದರೂ ವಾಪಸ್ ಮೊದಲನೆಯದಕ್ಕೆ. ಮೊದಲ ಖಾನೆಯನ್ನು ದಿನಾ ನೋಡುತ್ತೇವೆ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಕೊನೆಯದನ್ನು ತಿಂಗಳಿಗೊಮ್ಮೆ. ಕಲಿತದ್ದು ಮೊದಮೊದಲು ಬೇಗ ಜಾರುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂದು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ನಾವು ದಿನ ಗೊತ್ತುಮಾಡಿಕೊಂಡಿದ್ದು ಅದೇ ಲೆಕ್ಕದಲ್ಲಿ. ಮಗಳ ವಿಷಯದಲ್ಲೂ ಅದು ನಿಜವಾಯಿತು. ನಾಲ್ಕನೇ ಖಾನೆ ಮುಟ್ಟಿದ ಪದ ಹಿಂದಕ್ಕೆ ಬಂದದ್ದು ಅಪರೂಪ.

ಸೂಚನಾ ಹಾಳೆಯನ್ನು ಮಾತ್ರ ನಂಬಬೇಡಿ. ದಿನಕ್ಕೆ 20 ಹೊಸ ಪದ ಹಾಕಿ ಎನ್ನುತ್ತದೆ ಅದು. ಎರಡೇ ವಾರಕ್ಕೆ ಮೊದಲ ಖಾನೆಯಲ್ಲಿ 90 ಕಾರ್ಡು ರಾಶಿಬಿದ್ದವು, ಮಗಳು ಪೆಟ್ಟಿಗೆ ಕಂಡರೆ ಅಳುವ ಹಾಗಾಯಿತು. ವಾರಕ್ಕೆ 8 ಪದ ಎಂದು ಇಳಿಸಿದ ಮೇಲೆ ದಿನದ ಕೆಲಸ ಹತ್ತು ನಿಮಿಷಕ್ಕೆ ಬಂತು. ಈಗಲೂ ಅಷ್ಟೇ ಇದೆ.

ಅಚ್ಚಾದ ಕಾರ್ಡುಗಳು ಈ ಸೆಟ್ಟಿನ ದುರ್ಬಲ ಭಾಗ. 'ಲೊಕ್ವೇಶಿಯಸ್', 'ಕ್ಯಾಕೊಫೊನಿ' ಥರದ ಪದಗಳೇ ಹೆಚ್ಚು, ಮಗು ಓದುವ ಯಾವ ಪುಟದಲ್ಲೂ ಅವು ಸಿಗುವುದಿಲ್ಲ. ಪದಗಳನ್ನು ಮೂರು ಸ್ತರವಾಗಿ ವಿಂಗಡಿಸುವ ಐಸಬೆಲ್ ಬೆಕ್ ಮತ್ತು ಸಂಗಡಿಗರ ಕ್ರಮ ನನಗೆ ಇಲ್ಲಿ ನೆರವಾಯಿತು. ದಿನಬಳಕೆಯ ಪದ ಮೊದಲ ಸ್ತರ, ಎಲ್ಲ ವಿಷಯಗಳ ಪಾಠದಲ್ಲೂ ಬರುವ ಪ್ರೌಢ ಪದ ಎರಡನೆಯದು, ಒಂದೇ ವಿಷಯಕ್ಕೆ ಸೇರಿದ ಪಾರಿಭಾಷಿಕ ಪದ ಮೂರನೆಯದು. ಮಕ್ಕಳು ಎಡವುವುದು ಹೆಚ್ಚಾಗಿ ಎರಡನೆಯದರಲ್ಲಿ. ಪ್ರಶ್ನೆಪತ್ರಿಕೆಯಲ್ಲಿ 'ವಿಶ್ಲೇಷಿಸಿ' ಎಂದಿದ್ದಾಗ ನನ್ನ ಮಗಳು ಪಾಠದಲ್ಲಿದ್ದದ್ದನ್ನೇ ತಿರುಗಿ ಬರೆದು ಬಂದಿದ್ದಳು. ಪಾಠ ಬರುತ್ತಿತ್ತು, ಕೇಳಿದ್ದೇನು ಎಂಬುದೇ ತಿಳಿದಿರಲಿಲ್ಲ. ಅಂದೇ ಅಚ್ಚಾದ ಕಾರ್ಡುಗಳನ್ನು ಎತ್ತಿಟ್ಟು, ಖಾಲಿ ಕಾರ್ಡಿನ ಮೇಲೆ 'ಹೋಲಿಸಿ', 'ಸಮರ್ಥಿಸಿ', 'ವಿಶ್ಲೇಷಿಸಿ', 'ಎವಿಡೆನ್ಸ್', 'ಕಾಂಟ್ರಾಸ್ಟ್' ಎಂದು ಅವಳ ಕೈಯಿಂದಲೇ ಬರೆಸಿದೆ.

ಆದರೂ ಒಂದು ಕೊರತೆ ಉಳಿದಿತ್ತು. ನನಗೆ ಅದು ಕಂಡದ್ದು ಏಳನೇ ತರಗತಿಯಲ್ಲಿ. 'ಸಾಂದ್ರತೆ' ಐದನೇ ಖಾನೆಯಲ್ಲಿದ್ದ ಕಾರ್ಡು. ಕೇಳಿದರೆ 'ಏಕಮಾನ ಗಾತ್ರದಲ್ಲಿರುವ ದ್ರವ್ಯರಾಶಿ' ಎಂದು ಉಸಿರು ತೆಗೆದುಕೊಳ್ಳದೆ ಒಪ್ಪಿಸುತ್ತಿದ್ದಳು. ಒಂದು ಸಂಜೆ ಸಮಾಜವಿಜ್ಞಾನ ಓದುತ್ತಾ 'ಅಪ್ಪಾ, ಜನಸಾಂದ್ರತೆ ಅಂದ್ರೇನು?' ಎಂದಳು. ನಾನು ಸುಮ್ಮನೆ ಪೆಟ್ಟಿಗೆಯಿಂದ ಆ ಕಾರ್ಡು ತೆಗೆದು ಅವಳ ಮುಂದಿಟ್ಟೆ. ನೋಡಿದಳು, ಗಟ್ಟಿಯಾಗಿ ಓದಿದಳು, ಮತ್ತೆ ನನ್ನ ಮುಖ ನೋಡಿದಳು. ಎರಡೂ ಒಂದೇ ಪದ ಎಂದು ಅವಳಿಗೆ ಹೊಳೆಯಲೇ ಇಲ್ಲ. ಪೆಟ್ಟಿಗೆಯ ಪ್ರಕಾರ ಅವಳು ಆ ಪದ ಕಲಿತು ಮೂರು ತಿಂಗಳಾಗಿತ್ತು.

ಅಂದಿನಿಂದ ಕಾರ್ಡಿನ ಹಿಂಬದಿಯನ್ನು ನಾಲ್ಕು ಮನೆ ಮಾಡಿದೆವು. ಡೊರೊತಿ ಫ್ರೇಯರ್ ಮತ್ತು ಸಂಗಡಿಗರು 1969ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಮಾದರಿ ಇದು: ಅರ್ಥ, ಲಕ್ಷಣ, ಉದಾಹರಣೆ, ಉದಾಹರಣೆ ಅಲ್ಲದ್ದು. ಸಾಂದ್ರತೆಯ ಹೊಸ ಕಾರ್ಡು ಈಗಲೂ ಇದೆ. ಅರ್ಥದ ಮನೆಯಲ್ಲಿ 'ಇರೋ ಜಾಗದಲ್ಲಿ ಎಷ್ಟು ಒತ್ತಾಗಿ ತುಂಬಿದೆ ಅನ್ನೋದು'. ಉದಾಹರಣೆಗೆ ಕಬ್ಬಿಣದ ಗುಂಡು, ಕಿಕ್ಕಿರಿದ ಬಸ್ಸು. ಕೊನೆಯ ಮನೆಯಲ್ಲಿ 'ಬರೀ ತೂಕ ಅಲ್ಲ. ಮರದ ದೊಡ್ಡ ದಿಮ್ಮಿ ಭಾರ, ಆದ್ರೂ ತೇಲುತ್ತೆ.' ಈ ನಾಲ್ಕನೇ ಮನೆಗೆ ನಾನು ತುಂಬಾ ಬೆಲೆ ಕೊಡುತ್ತೇನೆ. 'ಪರಿಣಾಮ', 'ಪರಿಮಾಣ' ಅವಳಿಗೆ ಸದಾ ಅದಲುಬದಲಾಗುತ್ತಿದ್ದವು. ಒಂದರ ಕಾರ್ಡಿನ ಕೊನೆಯ ಮನೆಯಲ್ಲಿ ಇನ್ನೊಂದನ್ನು ಬರೆದ ಮೇಲೆ ಆ ಗೊಂದಲ ಹೋಯಿತು.

ಎಂಟನೆಯದಕ್ಕೆ ಬಂದ ಮೇಲೆ ಪದಗಳನ್ನು ಬೇರಿನಿಂದ ಕಟ್ಟುವುದನ್ನೂ ಸೇರಿಸಿದ್ದೇವೆ. ಕರ್ಷಣ ಎಂದರೆ ಎಳೆತ ಎಂದು ಒಮ್ಮೆ ತಿಳಿದರೆ ಆಕರ್ಷಣೆ, ವಿಕರ್ಷಣೆ, ಗುರುತ್ವಾಕರ್ಷಣೆ ಮೂರೂ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಟ್ರಾನ್ಸ್‌ಪೋರ್ಟ್, ಇಂಪೋರ್ಟ್, ಎಕ್ಸ್‌ಪೋರ್ಟ್ ಒಳಗಿನ 'ಪೋರ್ಟ್' ಹಾಗೆಯೇ, ಹೊರುವುದು ಎಂಬ ಅರ್ಥದ ಲ್ಯಾಟಿನ್ ಬೇರು. ಇಂಥವಕ್ಕೆ ಹಸಿರು ಶಾಯಿ.

ಪೆಟ್ಟಿಗೆಯ ಬಾಳಿಕೆ ಸಾಧಾರಣ. ಖಾನೆಗಳ ನಡುವಿನ ತಡೆರಟ್ಟು ಏಳು ತಿಂಗಳಿಗೇ ಬಾಗಿತು, ದಪ್ಪ ರಟ್ಟು ಕತ್ತರಿಸಿ ನಾವೇ ಹಾಕಿಕೊಂಡೆವು. ಮುಚ್ಚಳ ಇನ್ನೂ ಗಟ್ಟಿಯಾಗಿದೆ. ಖಾಲಿ ಕಾರ್ಡಿನ ಕಾಗದ ಒಳ್ಳೆಯದು, ಶಾಯಿ ಹಿಂಬದಿಗೆ ಮೂಡುವುದಿಲ್ಲ.

ಇದೇ ಕೆಲಸ ಮಾಡುವ ಆ್ಯಪ್‌ಗಳಿವೆ. 2006ರಿಂದ ಇರುವ ಆಂಕಿ ಕಂಪ್ಯೂಟರಿನಲ್ಲಿ ಉಚಿತ, ಯಾವ ಪದ ಯಾವತ್ತು ಎಂಬ ಲೆಕ್ಕ ತಾನೇ ಇಟ್ಟುಕೊಳ್ಳುತ್ತದೆ. ದೊಡ್ಡ ತರಗತಿಯವರಿಗೆ ಅದನ್ನೇ ಹೇಳುತ್ತೇನೆ. ಹನ್ನೊಂದು, ಹನ್ನೆರಡು ವರ್ಷದ ಮಕ್ಕಳಿಗೆ ಕೈಯಲ್ಲಿ ಬರೆಯುವ ಕಾರ್ಡೇ ನನ್ನ ಆಯ್ಕೆ, ಏಕೆಂದರೆ ನಾಲ್ಕು ಮನೆ ತುಂಬಿಸುವ ಹೊತ್ತಿಗೆ ಅರ್ಧ ಕಲಿಕೆ ಆಗಿಹೋಗಿರುತ್ತದೆ.

ಅಚ್ಚಾದ ಕಾರ್ಡಿಲ್ಲದೆ ಪೆಟ್ಟಿಗೆ ಮತ್ತು ಖಾಲಿ ಕಾರ್ಡು ಮಾತ್ರ ಸಿಗುವುದಾದರೆ ಕಣ್ಣುಮುಚ್ಚಿ ಕೊಳ್ಳಿ. ಇಡೀ ಸೆಟ್ಟೇ ಕೊಳ್ಳಬೇಕಾದರೆ ಅಚ್ಚಾದ ಕಾರ್ಡುಗಳ ಅಂಚಿನಲ್ಲಿ ಜಾಗವಿದೆಯೇ ನೋಡಿಕೊಳ್ಳಿ. ನಮ್ಮ ಮಗಳು ಅವುಗಳಲ್ಲಿ 60ನ್ನು ಈಗ ತಾನೇ ಹುಡುಕಿ ವಾಪಸ್ ಪೆಟ್ಟಿಗೆಗೆ ಹಾಕಿಕೊಂಡಿದ್ದಾಳೆ, ಓದುವಾಗ ಎದುರಾದ ಪದಗಳನ್ನು ಮಾತ್ರ. ಪ್ರತಿಯೊಂದರ ಅಂಚಿನಲ್ಲೂ ಅದು ಸಿಕ್ಕ ಪುಸ್ತಕದ ಹೆಸರು, ಪುಟದ ಸಂಖ್ಯೆ ಬರೆದಿಟ್ಟಿದ್ದಾಳೆ.